ಪೆನ್ ಡ್ರೈವ್ ಅಂದುಕೊಂಡು ಹಾರ್ಡ್ ಡಿಸ್ಕ್ ಅಳಿಸಿದೆ: ಉಬುಂಟುನಲ್ಲಿ ವಿಂಡೋಸ್ ಬೂಟಬಲ್ ಮಾಡುವವರು ದಯವಿಟ್ಟು ಓದಿ

ಉಬುಂಟುನಲ್ಲಿ (ವಿಂಡೋಸ್ ಬದಲು ಬಳಸುವ ಉಚಿತ ಲಿನಕ್ಸ್ ಸಿಸ್ಟಮ್) ಕೂತು ವಿಂಡೋಸ್‌ನ ಬೂಟಬಲ್ ಪೆನ್ ಡ್ರೈವ್, ಅಂದರೆ ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿ ವಿಂಡೋಸ್ ಹಾಕುವಂಥದ್ದು, ಮಾಡಲು ಹೊರಟಿದ್ದೀರಾ? ಹಾಗಿದ್ದರೆ ಮೊದಲು ಒಂದು ಕೆಲಸ ಮಾಡಿ. ಆ ಪೆನ್ ಡ್ರೈವ್ ಒಂದನ್ನು ಬಿಟ್ಟು, ಕಂಪ್ಯೂಟರಿಗೆ ಹೊರಗಿನಿಂದ ಚುಚ್ಚಿದ ಎಲ್ಲವನ್ನೂ ಕಿತ್ತು ಪಕ್ಕಕ್ಕಿಡಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್, ಇನ್ನೊಂದು ಪೆನ್ ಡ್ರೈವ್, ಎಲ್ಲ. ಆಮೇಲೆ ಮುಂದೆ ಓದಿ. ನಾನು ಅದೊಂದು ಕೆಲಸ ಮಾಡಲಿಲ್ಲ. ನಮ್ಮ ಆಯಿ ಹಾಡಿದ ಬೀಸುವ ಪದಗಳಲ್ಲಿ ಅರ್ಧದಷ್ಟು ಹೋದವು.

ನಾನು ಇರುವುದು ಕಲಬುರಗಿಯಲ್ಲಿ, ಜೇವರ್ಗಿ ರಸ್ತೆ ಕಡೆ. ಮನೆಯ ಕಂಪ್ಯೂಟರಿನಲ್ಲಿ ಹಲವು ವರ್ಷಗಳಿಂದ ಉಬುಂಟುನೇ ಇದೆ. ಈ ಬೇಸಿಗೆಯಲ್ಲಿ ಅಕ್ಕ ತನ್ನ ಮಗನನ್ನು ಕರೆದುಕೊಂಡು ಬಂದಳು. ಅಳಿಯ ಇಂಜಿನಿಯರಿಂಗ್ ಓದುತ್ತಿದ್ದಾನೆ, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದ. ಅದರಲ್ಲಿ ಯಾವ ಸಿಸ್ಟಮ್ಮೂ ಇರಲಿಲ್ಲ. ಕಾಲೇಜಿನ ಡ್ರಾಯಿಂಗ್ ಸಾಫ್ಟ್‌ವೇರಿಗೆ ವಿಂಡೋಸೇ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ 11 ಹಾಕೋಣ ಅಂದೆ.

ಇಂಥ ಪೆನ್ ಡ್ರೈವ್ ಮಾಡಿಕೊಡುವ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ. ಅದೇ ಕೆಲಸಕ್ಕೆ ಎಲ್ಲರೂ ಹೇಳುವ ರೂಫಸ್ ಸಾಫ್ಟ್‌ವೇರೂ ಅಷ್ಟೇ. ಅಂದರೆ ವಿಂಡೋಸ್ ಹಾಕಲು ಮೊದಲು ಇನ್ನೊಂದು ವಿಂಡೋಸ್ ಬೇಕು! ಆದರೆ ಮೈಕ್ರೋಸಾಫ್ಟ್‌ನದೇ ಸೈಟಿನಲ್ಲಿ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲ್ ಡಿವಿಡಿಯ ನಕಲು ಒಂದೇ ಫೈಲಿನಲ್ಲಿ) ನೇರವಾಗಿ ಸಿಗುತ್ತೆ, ದುಡ್ಡಿಲ್ಲದೆ. 4 ಜಿಬಿಗಿಂತ ದೊಡ್ಡ ಫೈಲ್. ಅದನ್ನೇ ಇಳಿಸಿಕೊಂಡೆ. ಉಬುಂಟುವಿನ ಪೆನ್ ಡ್ರೈವ್‌ಗಳನ್ನು ನಾನು ಯಾವಾಗಲೂ ಡಿಡಿ (dd) ಕಮಾಂಡಿನಿಂದ ಮಾಡುತ್ತಿದ್ದೆ. ಅದು ಫೈಲನ್ನು ಇದ್ದ ಹಾಗೇ ಡಿಸ್ಕಿನ ಮೇಲೆ ಬರೆಯುತ್ತೆ. ಇದನ್ನೂ ಹಾಗೇ ಮಾಡಿದರಾಯಿತು ಅಂದುಕೊಂಡೆ.

ಅದು ಮೊದಲ ತಪ್ಪು. ಉಬುಂಟುವಿನ ಐಎಸ್‌ಒ ಹೈಬ್ರಿಡ್ ಆಗಿರುತ್ತೆ. ಡಿವಿಡಿಗೂ ಸೈ, ಪೆನ್ ಡ್ರೈವಿಗೂ ಸೈ, ಹಾಗೆ ಮಾಡಿರುತ್ತಾರೆ. ಆದ್ದರಿಂದ ಅದನ್ನು ಇದ್ದ ಹಾಗೇ ಬರೆದರೂ ಬೂಟ್ ಆಗುತ್ತೆ. ವಿಂಡೋಸ್‌ನ ಐಎಸ್‌ಒ ಹಾಗಲ್ಲ, ಅದು ಡಿವಿಡಿಯ ರೂಪದಲ್ಲೇ ಇರುತ್ತೆ. ಡಿಡಿಯಿಂದ ಬರೆದರೆ ಪೆನ್ ಡ್ರೈವಿನಲ್ಲಿ ಫೈಲುಗಳೆಲ್ಲ ಕಾಣುತ್ತವೆ, ಬೂಟ್ ಮಾತ್ರ ಆಗಲ್ಲ. ನನಗೆ ಇದು ಗೊತ್ತಿರಲಿಲ್ಲ. 32 ಜಿಬಿಯ ಪೆನ್ ಡ್ರೈವ್ ಚುಚ್ಚಿದೆ. ಯಾವ ಯಾವ ಡಿಸ್ಕ್ ಇವೆ ಅಂತ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಕೊಟ್ಟು ನೋಡಿದೆ. ಸಿಸ್ಟಮ್ ಕೊಟ್ಟ ಹೆಸರು: ಒಳಗಿನ ಡಿಸ್ಕ್ ಎಸ್‌ಡಿಎ (sda), ಪೆನ್ ಡ್ರೈವ್ ಎಸ್‌ಡಿಬಿ (sdb). ಸರಿಯಾಗಿ ನೋಡಿಯೇ ಬರೆದೆ. ಕಾಲು ಗಂಟೆ ಹಿಡಿಯಿತು. ಲ್ಯಾಪ್‌ಟಾಪಿಗೆ ಹಾಕಿದರೆ ಬೂಟ್ ಮೆನುವಿನಲ್ಲಿ ಪೆನ್ ಡ್ರೈವಿನ ಹೆಸರೇ ಬರಲಿಲ್ಲ.

ಬರೆಯುವಾಗ ಏನೋ ಕೆಟ್ಟಿರಬೇಕು, ಇನ್ನೊಮ್ಮೆ ಬರೆಯೋಣ ಅಂದುಕೊಂಡು ಪೆನ್ ಡ್ರೈವನ್ನು ಮತ್ತೆ ನನ್ನ ಕಂಪ್ಯೂಟರಿಗೆ ಚುಚ್ಚಿದೆ. ಅಷ್ಟರಲ್ಲಿ ಅಕ್ಕ, "ತಮ್ಮಾ, ಹೊಲದಾಗ ತೆಗದಿದ್ದ ಎಳ್ಳಮಾಸಿ ಫೋಟೋ ಅವಲ್ಲ, ಜರಾ ತೋರ್ಸು" ಅಂದಳು. 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದು ಅದನ್ನೂ ಚುಚ್ಚಿದೆ. ಎಳ್ಳಮಾವಾಸ್ಯೆಗೆ ಆಳಂದ ತಾಲೂಕಿನ ನಮ್ಮೂರ ಹೊಲದಲ್ಲಿ ಚರಗ ಚೆಲ್ಲಿದ್ದು, ಭಜ್ಜಿ, ಸಜ್ಜೆ ರೊಟ್ಟಿ ಹಂಚಿಕೊಂಡು ಜೋಳದ ನಡುವೆ ಊಟಕ್ಕೆ ಕೂತದ್ದು, ಎಲ್ಲ ಅದರಲ್ಲಿತ್ತು. ಆಯಿಯ ಹಾಡುಗಳೂ ಅದರಲ್ಲೇ ಇದ್ದವು. 2016ರಲ್ಲಿ ನನ್ನ ಹಳೇ ಫೋನಿನಲ್ಲಿ ಒಂಬತ್ತು ಪದ ರೆಕಾರ್ಡ್ ಮಾಡಿಕೊಂಡಿದ್ದೆ. 2019ರಲ್ಲಿ ಆಯಿ ತೀರಿಕೊಂಡಳು. ಆ ಫೋನೂ ಈಗ ಇಲ್ಲ. ಎರಡನೇ ಕಾಪಿ ಯಾಕೆ ಮಾಡಿಡಲಿಲ್ಲ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ.

ಫೋಟೋ ನೋಡುತ್ತಿರುವಾಗಲೇ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ಬಹಳ ದಿನ ಆಗಿತ್ತು. ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ಇಲ್ಲ, ಕಿಟಕಿ ತೆಗೆದರೆ ಬೆಂಕಿಯಂಥ ಗಾಳಿ. ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂತು. ಅಕ್ಕನಿಗೆ ಊರಿಗೆ ಹೋಗುವ ಬಸ್ಸಿನ ಚಿಂತೆ. ಬೇಗ ಮುಗಿಸೋಣ ಅಂತ ಟರ್ಮಿನಲ್ ತೆಗೆದು, ಮೇಲಿನ ಬಾಣದ ಕೀ ಒತ್ತಿದೆ. ಬೆಳಿಗ್ಗೆ ಕೊಟ್ಟಿದ್ದ ಕಮಾಂಡೇ ಬಂತು. ಎಂಟರ್ ಒತ್ತಿ ಪಾಸ್‌ವರ್ಡ್ ಹೊಡೆದೆ.

ಪೆನ್ ಡ್ರೈವ್ ಕಣ್ಣೆದುರಿಗೇ ಇತ್ತು. ಅಳಿಯ ಅದನ್ನೇ ನೋಡುತ್ತಿದ್ದ. "ಮಾಮಾ, ಪೆನ್ ಡ್ರೈವಿನ ಲೈಟ್ ಹತ್ತವಲ್ದು ನೋಡು" ಅಂದ. ನಾನು ಸ್ಕ್ರೀನ್ ನೋಡುತ್ತಿದ್ದೆ. ಬೆಳಿಗ್ಗೆ ಕಾಲು ಗಂಟೆ ಹಿಡಿದದ್ದು ಈಗ ಸೆಕೆಂಡಿಗೆ ನೂರು ಎಂಬಿ ಲೆಕ್ಕದಲ್ಲಿ ಓಡುತ್ತಿತ್ತು. ಸ್ಪೀಡ್ ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಆಮೇಲೆ ಕಿವಿಗೆ ಬಿತ್ತು. ಮೇಜಿನ ಮೇಲೆ ಆ ಎಕ್ಸ್‌ಟರ್ನಲ್ ಡಿಸ್ಕ್ ಗುಯ್ ಅನ್ನುತ್ತಿದೆ. ಅದರ ನೀಲಿ ದೀಪ ಒಂದೇ ಸಮ ಬಡಿದುಕೊಳ್ಳುತ್ತಿದೆ. ಕಂಟ್ರೋಲ್ ಸಿ ಒತ್ತುವ ಹೊತ್ತಿಗೆ ಕೆಲಸ ಮುಗಿದಿತ್ತು. ಒಂದೆರಡು ನಿಮಿಷವೂ ಆಗಿರಲಿಲ್ಲ. ಡಿಸ್ಕನ್ನು ತೆಗೆದು ಮತ್ತೆ ಚುಚ್ಚಿದರೆ ಬೂಟ್, ಸೋರ್ಸಸ್, ಸೆಟಪ್, ಬರೀ ವಿಂಡೋಸ್‌ನ ಫೈಲುಗಳು. ಮನೆಯವರ ಒಂದು ಫೋಟೋನೂ ಇಲ್ಲ.

ಯಾಕೆ ಹೀಗಾಯಿತು ಅಂತ ತಿಳಿದುಕೊಳ್ಳಿ, ಇದು ನಿಮಗೂ ಆಗಬಹುದು. ಎಸ್‌ಡಿಬಿ ಅನ್ನುವುದು ಯಾವ ಡಿಸ್ಕಿನ ಸ್ವಂತ ಹೆಸರೂ ಅಲ್ಲ. ಬಸ್ಸಿನ ಸೀಟ್ ಇದ್ದ ಹಾಗೆ. ಯಾರು ಮೊದಲು ಹತ್ತಿದರೋ ಅವರಿಗೆ ಮುಂದಿನ ಸೀಟು. ಬೆಳಿಗ್ಗೆ ಪೆನ್ ಡ್ರೈವ್ ಮೊದಲು ಬಂದಿತ್ತು, ಅದಕ್ಕೆ ಎಸ್‌ಡಿಬಿ ಸಿಕ್ಕಿತ್ತು. ಕರೆಂಟ್ ಹೋಗಿ ಬಂದು ಸಿಸ್ಟಮ್ ಮತ್ತೆ ಶುರುವಾದಾಗ ಎರಡೂ ಒಟ್ಟಿಗೇ ಇದ್ದವು. ಈ ಸಲ ಹಾರ್ಡ್ ಡಿಸ್ಕ್ ಮೊದಲು ಸಿಕ್ಕಿತು. ಡಿಡಿ ಏನನ್ನೂ ಕೇಳಲ್ಲ. ಇದು ಯಾವ ಡಿಸ್ಕು, ಒಳಗೆ ಏನಿದೆ, ಖರೇ ಅಳಿಸಲಾ, ಒಂದೂ ಇಲ್ಲ. ಹೇಳಿದ ಜಾಗದಲ್ಲಿ ಬರೆಯುತ್ತೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಗೊಂದಲ. ಒಳಗಿನ ಎಸ್‌ಎಸ್‌ಡಿಗೆ ಎನ್‌ವಿಎಂಇ ಅಂತ ಶುರುವಾಗುವ ಹೆಸರು ಇರುತ್ತೆ. ಅಲ್ಲಿ ಪೆನ್ ಡ್ರೈವೇ ಎಸ್‌ಡಿಎ ಆಗಬಹುದು. ನಿಮ್ಮ ಗೆಳೆಯನ ಕಂಪ್ಯೂಟರಿನಲ್ಲಿ ಎಸ್‌ಡಿಎ ಅಂದರೆ ಅವನ ಇಡೀ ಸಿಸ್ಟಮ್. ಯಾರೋ ಬರೆದ ಕಮಾಂಡನ್ನು ಕಾಪಿ ಮಾಡಿ ಅಂಟಿಸುವ ಮುಂಚೆ ಇದು ನೆನಪಿರಲಿ. ಮ್ಯಾಕ್‌ನಲ್ಲೂ ಇದೇ ಕಥೆ. ಅಲ್ಲಿ ಡಿಸ್ಕ್2, ಡಿಸ್ಕ್3 ಅಂತ ನಂಬರ್ ಬರುತ್ತೆ, ಕಿತ್ತು ಹಾಕಿದರೆ ಆ ನಂಬರೂ ಬದಲಾಗಬಹುದು.

ಈಗ ಡಿಸ್ಕ್ ಅಳಿಸಿದ ಮೇಲಿನ ಮಾತು. ನಿಮಗೆ ಇಂಥದ್ದು ಆಗಿಹೋಗಿದ್ದರೆ, ಆ ಡಿಸ್ಕನ್ನು ಈ ಕ್ಷಣವೇ ಕಿತ್ತಿಡಿ. ಅದರ ಮೇಲೆ ಇನ್ನೊಂದು ಅಕ್ಷರವೂ ಬರೆಯಬಾರದು. ಫಾರ್ಮ್ಯಾಟ್ ಮಾಡಲಾ ಅಂತ ಕಂಪ್ಯೂಟರ್ ಕೇಳಿದರೆ ಬೇಡ ಅನ್ನಿ. ನಾನು ಗಾಬರಿಯಲ್ಲಿ ಊರಿನ ಒಂದು ಅಂಗಡಿಗೆ ಓಡಿದೆ. ಅಲ್ಲಿನ ಹುಡುಗ ಡಿಸ್ಕನ್ನು ಚುಚ್ಚಿದವನೇ, "ಫಾರ್ಮ್ಯಾಟ್ ಹೊಡದು, ಇದರಾಗೇ ರಿಕವರಿ ಸಾಫ್ಟ್‌ವೇರ್ ಹಾಕ್ತೀನ್ರಿ ಸರ್" ಅಂದ. ನಾನು ಡಿಸ್ಕ್ ಕಸಿದುಕೊಂಡೇ ಬಂದೆ ಅನ್ನಬಹುದು. ಕಳೆದದ್ದನ್ನು ಹುಡುಕಬೇಕಾದ ಜಾಗದ ಮೇಲೆಯೇ ಹೊಸದನ್ನು ಬರೆದರೆ, ಉಳಿದದ್ದೂ ಹೋಗುತ್ತೆ. ಅಂಗಡಿಗೆ ಕೊಡುವುದಾದರೆ ಏನು ಮಾಡುತ್ತೀರಿ ಅಂತ ಮೊದಲು ಕೇಳಿ, ಪಕ್ಕದಲ್ಲೇ ನಿಂತು ನೋಡಿ.

1 ಟಿಬಿಯಲ್ಲಿ ಕೆಲವೇ ಜಿಬಿ ತಾನೇ ಅಳಿಸಿದ್ದು, ಉಳಿದದ್ದು ಹಾಗೇ ಇರುತ್ತಲ್ವಾ ಅಂತ ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ತೊಂದರೆ ಏನೆಂದರೆ ಆ ಕೆಲವು ಜಿಬಿ ಡಿಸ್ಕಿನ ಮುಂಭಾಗ. ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಎಲ್ಲಿದೆ ಅನ್ನುವ ಪಟ್ಟಿ ಅದರ ತಲೆಯಲ್ಲೇ ಇರುತ್ತೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಯಾವ ಫೈಲ್ ಎಲ್ಲಿದೆ, ಹೆಸರೇನು, ತಾರೀಖು ಏನು ಅಂತ ಬರೆದಿಡುವ ದೊಡ್ಡ ಪಟ್ಟಿ ಸಾಮಾನ್ಯವಾಗಿ 3 ಜಿಬಿ ಸುಮಾರಿನಲ್ಲಿ ಶುರುವಾಗುತ್ತೆ. ಅದರ ಮೇಲೆಯೇ ವಿಂಡೋಸ್ ಇನ್‌ಸ್ಟಾಲರ್ ಕೂತಿತ್ತು. ಫೈಲುಗಳು ಇದ್ದವು, ಅವು ಎಲ್ಲಿವೆ ಅಂತ ಹೇಳುವವರು ಇರಲಿಲ್ಲ.

ಹೊಸದೊಂದು 2 ಟಿಬಿ ಡಿಸ್ಕ್ ತಂದೆ. ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಜೊತೆಗೇ ಬರುತ್ತೆ, ಉಬುಂಟುನಲ್ಲಿ ಸುಲಭವಾಗಿ ಸಿಗುತ್ತೆ. ಅದು ಪಟ್ಟಿಯನ್ನು ನಂಬುವುದಿಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ, ಇಲ್ಲಿಂದ ಒಂದು ಫೋಟೋ ಶುರುವಾದಂತಿದೆ, ಇಲ್ಲಿಂದ ಒಂದು ಆಡಿಯೋ, ಅಂತ ಗುರುತು ಹಿಡಿದು ತೆಗೆಯುತ್ತೆ. ತೆಗೆದದ್ದನ್ನು ಬೇರೆ ಡಿಸ್ಕಿನಲ್ಲೇ ಇಡಬೇಕು. ಎರಡು ಹಗಲು, ಎರಡು ರಾತ್ರಿ ಓಡಿತು. ಈ ಸಲ ಹೊಸ ಯುಪಿಎಸ್ ಬ್ಯಾಟರಿ ಹಾಕಿಸಿಕೊಂಡೇ ಶುರು ಮಾಡಿದ್ದೆ. ಸಿಕ್ಕ ಫೈಲುಗಳಿಗೆ ಹೆಸರಿಲ್ಲ. ಎಫ್ ಅಕ್ಷರ, ಅದರ ಮುಂದೆ ಉದ್ದನೆಯ ನಂಬರ್. ಅಂಥ ಸಾವಿರಾರು ಫೈಲ್, ಫೋಲ್ಡರಿಗೆ 500ರಂತೆ. ಫೋಟೋಗಳಿಗೆ ಕ್ಯಾಮೆರಾ ಒಳಗೇ ಬರೆದ ತಾರೀಖು ಉಳಿದಿತ್ತು, ಹಾಗಾಗಿ ವರ್ಷದ ಪ್ರಕಾರ ಜೋಡಿಸಲು ಬಂತು. ಆಡಿಯೋಗಳಿಗೆ ಅದೂ ಇಲ್ಲ. ಒಂದೊಂದನ್ನೂ ಕೇಳಿಯೇ ನೋಡಬೇಕು.

ಅಳಿಯನ ಲ್ಯಾಪ್‌ಟಾಪಿಗೆ ಕೊನೆಗೆ ವಿಂಡೋಸ್ ಹಾಕಿದ್ದು ವೆಂಟಾಯ್ ಅನ್ನುವ ಸಾಫ್ಟ್‌ವೇರಿನಿಂದ. ನಾನು ಮೊದಲೇ ಅದನ್ನು ಬಳಸಬೇಕಿತ್ತು. ಪೆನ್ ಡ್ರೈವಿಗೆ ವೆಂಟಾಯ್ ಅನ್ನು ಒಮ್ಮೆ ಹಾಕಿದರೆ ಸಾಕು, ಆಮೇಲೆ ಐಎಸ್‌ಒ ಫೈಲನ್ನು ಮಾಮೂಲಿ ಫೈಲಿನಂತೆ ಕಾಪಿ ಮಾಡುವುದಷ್ಟೇ. ವಿಂಡೋಸ್ ಐಎಸ್‌ಒ, ಉಬುಂಟು ಐಎಸ್‌ಒ ಎರಡೂ ಒಂದರಲ್ಲೇ ಇರಬಹುದು. ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ಸಾಫ್ಟ್‌ವೇರಿನಿಂದ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಮೊದಲ ಸಲ ಒಂದು ನೀಲಿ ಪರದೆ ಬಂದು ಕೀ ಸೇರಿಸಲು ಕೇಳುತ್ತೆ, ಹೆದರಬೇಡಿ. ಆದರೆ ವೆಂಟಾಯ್ ಹಾಕುವ ಆ ಮೊದಲ ಸಲವೂ ನೀವು ಆರಿಸಿದ ಡಿಸ್ಕ್ ಪೂರ್ತಿ ಅಳಿಯುತ್ತೆ. ಅಲ್ಲಿಯೂ ಬೇರೆ ಡಿಸ್ಕ್‌ಗಳನ್ನು ಕಿತ್ತಿಟ್ಟೇ ಮಾಡಿ.

ವೆಂಟಾಯ್ ಬೇಡ, ಕೈಯಿಂದಲೇ ಮಾಡುತ್ತೀನಿ ಅನ್ನುವವರು ಪೆನ್ ಡ್ರೈವನ್ನು ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ ಐಎಸ್‌ಒ ಒಳಗಿನ ಫೈಲುಗಳನ್ನು ಕಾಪಿ ಮಾಡುತ್ತಾರೆ. ಅಲ್ಲಿ ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್.ವಿಮ್ ಫೈಲ್ ಅಡ್ಡ ಬರುತ್ತೆ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಇದು ಅದಕ್ಕಿಂತ ದೊಡ್ಡದು. ವಿಮ್‌ಲಿಬ್ ಟೂಲಿನಿಂದ ಅದನ್ನು 3800 ಎಂಬಿಯ ತುಂಡುಗಳಾಗಿ ಒಡೆದು ಹಾಕಿದರೆ ವಿಂಡೋಸ್ ಸೆಟಪ್ ತಾನೇ ಗುರುತು ಹಿಡಿಯುತ್ತೆ.

ಡಿಡಿಯೇ ಬೇಕು ಅನ್ನುವವರಿಗೆ ನನ್ನ ಕೈ ಮುಗಿದ ವಿನಂತಿ. ಮೇಲಿನ ಬಾಣ ಒತ್ತಿ ಹಳೆಯ ಕಮಾಂಡ್ ತರಬೇಡಿ. ಪ್ರತಿ ಸಲ ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಸೈಜ್, ಮಾಡೆಲ್ ಎರಡೂ ನೋಡಿ. ಎಸ್‌ಡಿಬಿ ಅಂತ ಬರೆಯುವ ಬದಲು ಡೆವ್ ಒಳಗಿನ ಡಿಸ್ಕ್, ಅದರೊಳಗಿನ ಬೈ-ಐಡಿ ಫೋಲ್ಡರಿನಲ್ಲಿರುವ (/dev/disk/by-id) ಹೆಸರು ಬಳಸಿ. ಅದರಲ್ಲಿ ಕಂಪನಿಯ ಹೆಸರು, ಸೀರಿಯಲ್ ನಂಬರ್ ಸಹಿತ ಇರುತ್ತೆ. ಎಷ್ಟು ಸಲ ಕಿತ್ತು ಹಾಕಿದರೂ ಬದಲಾಗಲ್ಲ. ಅದೊಂದು ಹೆಸರು ಬಳಸಿದ್ದರೆ ಅವತ್ತು ಕರೆಂಟ್ ಹತ್ತು ಸಲ ಹೋದರೂ ನನ್ನ ಡಿಸ್ಕಿಗೆ ಏನೂ ಆಗುತ್ತಿರಲಿಲ್ಲ.

ವಿಂಡೋಸ್‌ನಲ್ಲಿ ಕೂತು ರೂಫಸ್‌ನಿಂದ ಉಬುಂಟು ಪೆನ್ ಡ್ರೈವ್ ಮಾಡುವವರಿಗೂ ಒಂದು ಮಾತು. ಯುಎಸ್‌ಬಿ ಹಾರ್ಡ್ ಡ್ರೈವ್‌ಗಳನ್ನು ತೋರಿಸು ಅನ್ನುವ ಆಯ್ಕೆ ಅದರಲ್ಲಿ ಮೊದಲಿಗೆ ಆಫ್ ಇರುತ್ತೆ. ಅದನ್ನು ಸುಮ್ನೆ ಆನ್ ಮಾಡಬೇಡಿ.

ಒಂಬತ್ತು ಪದಗಳಲ್ಲಿ ಐದು ಸಿಕ್ಕಿವೆ. ಐದರಲ್ಲಿ ಒಂದು ಅರ್ಧಕ್ಕೆ ಕರಕರ ಅಂದು ನಿಲ್ಲುತ್ತೆ, ಆ ಫೈಲ್ ಡಿಸ್ಕಿನಲ್ಲಿ ತುಂಡು ತುಂಡಾಗಿ ಇತ್ತು. ಈಗ ಮೂರು ಕಡೆ ಕಾಪಿ ಇದೆ, ಒಂದು ಅಕ್ಕನ ಮನೆಯಲ್ಲಿ. ಹಳೆಯ ಡಿಸ್ಕನ್ನು ಹಾಗೇ ಸುತ್ತಿ ಇಟ್ಟಿದ್ದೀನಿ, ಮುಟ್ಟಿಲ್ಲ. ಹೋದ ಭಾನುವಾರ ಅಕ್ಕ ಬಂದಿದ್ದಳು. ಹೆಸರಿಲ್ಲದ ಫೈಲುಗಳನ್ನು ಒಂದೊಂದಾಗಿ ಕೇಳಿಸಿದೆ. ಒಂದರಲ್ಲಿ ಮೊದಲು ಬರೀ ಗಾಳಿ, ಜೋಳದ ದಂಟು ಉಜ್ಜಿಕೊಳ್ಳುವ ಸದ್ದು. ಆಮೇಲೆ ಆಯಿ ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು. ಹಾಡು ಇನ್ನೂ ಶುರುವೇ ಆಗಿರಲಿಲ್ಲ. ಅಕ್ಕ, "ಇದು ಎಳ್ಳಮಾಸಿ ದಿನದ್ದು, ಬನ್ನಿ ಗಿಡದ ಬುಡಕ್ಕ ಕುಂತು ಹಾಡಿದ್ದು, ಬರಕೋ" ಅಂದಳು. ಫೈಲಿಗೆ ಅದೇ ಹೆಸರು ಕೊಟ್ಟೆ.