ಎರಡೂವರೆ ವರ್ಷ ಬಳಸಿದೆ: ಮಗುವಿನ ಬೆಳವಣಿಗೆ ಬರೆದಿಡುವ ಆಪ್, ಮತ್ತೆ ಅದರ ಕೆಂಪು ಗುರುತು

ಮಗನಿಗೆ ನಾಲ್ಕು ತಿಂಗಳಿದ್ದಾಗ ಈ ಆಪ್ ಹಾಕಿಕೊಂಡೆ. ಈಗ ಅವನಿಗೆ ಮೂರು ತುಂಬಲು ಎರಡೇ ತಿಂಗಳು. ಏನೇನು ಫೀಚರ್ ಇದೆ ಅಂತ ನೀವೆಲ್ಲ ನೋಡಿಯೇ ಇರುತ್ತೀರಿ, ಅದನ್ನು ಬಿಡುತ್ತೇನೆ.

ಹತ್ತನೇ ತಿಂಗಳಲ್ಲಿ ಒಂದು ಪ್ರಶ್ನೆ ಬಂತು: ಮಗು ಅಂಬೆಗಾಲಿಡುತ್ತದೆಯೇ? ಇಲ್ಲ ಅಂತ ಒತ್ತಿದೆ. ತಕ್ಷಣ ಕೆಂಪು ಗುರುತು. ಕೆಳಗೆ 'ತಡವಾಗಿದೆ' ಅಂತ ಒಂದೇ ಪದ.

ನಮ್ಮವನು ಅಂಬೆಗಾಲಿಡಲೇ ಇಲ್ಲ. ಕೂತ ಹಾಗೇ ಬಲಗಾಲು ಮಡಚಿ, ಎಡಗೈ ನೆಲಕ್ಕೆ ಒತ್ತಿ, ಸರ್ರನೆ ಜಾರಿಕೊಂಡು ಹೋಗುತ್ತಿದ್ದ. ಹಾಲ್‌ನಿಂದ ಅಡುಗೆಮನೆಗೆ, ಅಲ್ಲಿಂದ ದೇವರ ಕೋಣೆಗೆ. ಚಡ್ಡಿಗಳೆಲ್ಲ ಹಿಂದೆ ಸವೆದುಹೋಗಿದ್ದವು. ಆಪ್‌ನಲ್ಲಿ ಇದನ್ನು ಹೇಳೋಕೆ ಜಾಗವೇ ಇಲ್ಲ. ಹೌದು ಅಥವಾ ಇಲ್ಲ, ಅಷ್ಟೇ. ದಿನಾ ಬೆಳಿಗ್ಗೆ ಅದೇ ನೋಟಿಫಿಕೇಶನ್. ಹತ್ತು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಡಾಕ್ಟರ್ ಅವನನ್ನು ಚಾಪೆ ಮೇಲೆ ಬಿಟ್ಟು ಐದು ನಿಮಿಷ ಸುಮ್ನೆ ನೋಡಿದರು. ಹಿಡಿದುಕೊಂಡು ನಿಲ್ಲುತ್ತಾನಾ, ಎರಡೂ ಕೈ ಒಂದೇ ಥರ ಬಳಸುತ್ತಾನಾ, ಕರೆದರೆ ತಿರುಗುತ್ತಾನಾ. ಎಲ್ಲ ಸರಿ ಇತ್ತು. 'ಕೆಲವು ಮಕ್ಕಳು ಹೀಗೇ ಜಾರಿಕೊಂಡು ಓಡಾಡ್ತಾವಮ್ಮ. ನಡೆಯೋದು ಸ್ವಲ್ಪ ತಡ ಆಗಬಹುದು, ನೋಡ್ತಾ ಇರೋಣ' ಅಂದರು.

ಆಮೇಲೆ ನಾನೇ ಹುಡುಕಿ ಓದಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 100ಕ್ಕೆ ಸುಮಾರು 4 ಮಕ್ಕಳು ಅಂಬೆಗಾಲಿಡದೇ ಮುಂದೆ ಹೋಗಿದ್ದಾರೆ. ತಾನಾಗಿ ನಡೆಯೋದಕ್ಕೆ ಅವರು ಕೊಟ್ಟಿರುವ ಅವಧಿ 8.2ರಿಂದ 17.6 ತಿಂಗಳು. ಅಷ್ಟು ಅಗಲ! ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಅಂತೂ 2022ರಲ್ಲಿ ಮಕ್ಕಳ ಬೆಳವಣಿಗೆಯ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಬಿಟ್ಟಿತು. ನಮ್ಮವನು 16ನೇ ತಿಂಗಳಲ್ಲಿ ನಡೆದ. ಅನುಮಾನ ಬಂದರೆ ಡಾಕ್ಟರಿಗೆ ತೋರಿಸಲೇಬೇಕು, ಅದನ್ನು ಆಪ್ ನೆನಪಿಸಿದರೆ ಒಳ್ಳೆಯದೇ. ಆದರೆ ಕೆಂಪು ಬಣ್ಣ ಬಳಿದು ಸುಮ್ಮನಾಗೋದು ಸರಿಯಲ್ಲ. 'ಬೇರೆ ಥರ ಓಡಾಡುತ್ತದೆಯೇ?' ಅಂತ ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತಲ್ವಾ?

ಇಷ್ಟಾದರೂ ಆಪ್ ತೆಗೆಯಲಿಲ್ಲ. ಕಾರಣ ಅದರ ಮೂಲೆಯಲ್ಲಿರುವ ಪುಟ್ಟ ಟಿಪ್ಪಣಿ ಪೆಟ್ಟಿಗೆ. ರಾತ್ರಿ ಅವನು ಮಲಗಿದ ಮೇಲೆ, ಪಾತ್ರೆ ತೊಳೆದು ಕೈ ಒರೆಸಿಕೊಂಡು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಮೂರು ಸಾಲು ಬರೆಯುತ್ತೇನೆ. ಅತ್ತೆ ಪಕ್ಕದಲ್ಲಿ ಕೂತು ನಾನು ಆಫೀಸಿನಲ್ಲಿದ್ದಾಗ ನಡೆದದ್ದನ್ನು ಹೇಳುತ್ತಾರೆ. ಮೊದಮೊದಲು 'ಇವತ್ತು ತುಂಬಾ ಹಠ' ಅಂತ ಬರೆಯುತ್ತಿದ್ದೆ. ನಮ್ಮ ನಾದಿನಿ ಅಂಗನವಾಡಿ ಟೀಚರ್. ಅವಳು ಓದಿ, 'ಹಠ ಅಂತ ಬರೀಬೇಡಿ ಅತ್ತಿಗೆ. ಏನು ಮಾಡ್ದ, ಯಾವಾಗ ಮಾಡ್ದ, ಅದಕ್ಕೆ ಮುಂಚೆ ಏನಾಗಿತ್ತು, ಅಷ್ಟು ಬರೀರಿ' ಅಂದಳು.

ಹಾಗೆ ಬರೆದದ್ದು: '11:50. ಬಕೆಟ್ ನೀರಲ್ಲಿ ಆಡುತ್ತಿದ್ದವನನ್ನು ಎತ್ತಿಕೊಂಡೆವು. ಮಗ್ ಎಸೆದ. ಎರಡು ನಿಮಿಷ ಅತ್ತ. ಬಾಳೆಹಣ್ಣು ಕೊಟ್ಟ ಮೇಲೆ ಸುಮ್ಮನಾದ.' ಆರು ವಾರ ಇಂಥವನ್ನೇ ಬರೆದು ಒಟ್ಟಿಗೆ ಓದಿದಾಗ ಗೊತ್ತಾಯಿತು, ಅಳು ಹೆಚ್ಚುಕಮ್ಮಿ ಎಲ್ಲವೂ ಊಟಕ್ಕೆ ಮುಂಚಿನ ಮುಕ್ಕಾಲು ಗಂಟೆಯಲ್ಲಿ. ಅತ್ತೆ ಊಟವನ್ನು 12:30ರಿಂದ 11:30ಕ್ಕೆ ತಂದರು. ರಂಪ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು. ಆಪ್‌ನ ಯಾವ ಪಟ್ಟಿಯೂ ಇದನ್ನು ಹೇಳಿರಲಿಲ್ಲ.

ಇನ್ನೊಂದು ಟಿಪ್ಪಣಿ ನನಗೆ ತುಂಬಾ ಇಷ್ಟ. ಅನ್ನಕ್ಕೆ ಮಾತ್ರ 'ಬುವ್ವ' ಅನ್ನುತ್ತಿದ್ದವನು, ಒಂದು ದಿನ ಕುಕ್ಕರ್ ವಿಷಲ್ ಕೇಳಿದ ಕೂಡಲೇ ಅಡುಗೆಮನೆ ಕಡೆ ಬೆರಳು ತೋರಿಸಿ 'ಬುವ್ವ' ಅಂದ. ಅನ್ನ ಕಣ್ಣಿಗೆ ಬಿದ್ದಿರಲಿಲ್ಲ. ಶಬ್ದ ಕೇಳಿಯೇ ಅನ್ನ ಬರುತ್ತೆ ಅಂತ ಅವನಿಗೆ ತಿಳಿದಿತ್ತು.

ಬೇಸರದ ವಿಷಯ ಅಂದರೆ ಈ ಟಿಪ್ಪಣಿಗಳನ್ನು ಹೊರಗೆ ತೆಗೆಯೋದು. ಪಿಡಿಎಫ್ ಮಾಡಿದರೆ ಕನ್ನಡದ ಒತ್ತಕ್ಷರಗಳೆಲ್ಲ ಒಡೆದುಹೋಗುತ್ತವೆ. ಎರಡು ಸಲ ಬರೆದು ಕೇಳಿದೆ, 'ಗಮನಿಸುತ್ತೇವೆ' ಅಂದರು. ವರ್ಷಕ್ಕೆ 1,499 ರೂಪಾಯಿ ಅಂದರೆ ನಮ್ಮನೆಯ ಒಂದು ತಿಂಗಳ ಹಾಲಿನ ದುಡ್ಡು. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ, ಮೂರೂ ಆ ಪೆಟ್ಟಿಗೆಗೆ.

ಮುಂದಿನ ತಿಂಗಳು ಚಂದಾ ಮುಗಿಯುತ್ತದೆ, ಮತ್ತೆ ಕಟ್ಟುವುದಿಲ್ಲ. ಅಷ್ಟರೊಳಗೆ ಎಲ್ಲವನ್ನೂ 200 ಪುಟದ ಲಾಂಗ್ ಬುಕ್‌ಗೆ ಕೈಯಲ್ಲಿ ಇಳಿಸಿಕೊಳ್ಳುತ್ತಿದ್ದೇನೆ. ನಿನ್ನೆ ರಾತ್ರಿ 14ನೇ ತಿಂಗಳು ಮುಗಿಯಿತು. ಕುಕ್ಕರ್ ವಿಷಲ್ ಅದರಲ್ಲೇ ಇದೆ.