ಗಣಿಯಲ್ಲಿ ಪಾಲು ಕೊಡುತ್ತೇವೆ ಎಂದು ಯಾರಾದರೂ ಬಂದರೆ ಮೊದಲು ಇದನ್ನು ಓದಿ

ಎಂಟು ಲಕ್ಷ ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಹೋದರೆ ನಾಚಿಕೆಗೆ ಮೊತ್ತ ಕಡಿಮೆ ಮಾಡಿ ಬರೆದೇನು. ಐದು ಲಕ್ಷ ಅಂಗಡಿಯದು, ಮೂರು ಲಕ್ಷ ಹೆಂಡತಿಯ ಬಂಗಾರ ಅಡವಿಟ್ಟು ತಂದದ್ದು. ಬಂಗಾರ ಇನ್ನೂ ಬ್ಯಾಂಕಿನಲ್ಲಿದೆ.

ನಾನು ಬಳ್ಳಾರಿಯಲ್ಲಿ ಟಿಪ್ಪರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಗಣಿ ಎಂದರೆ ಏನೆಂದು ತಿಳಿಯದವನಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನನ್ನ ಭಾವನ ಎರಡು ಟಿಪ್ಪರ್‌ಗಳು ಮನೆಯ ಮುಂದೆ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಫೈನಾನ್ಸಿನವರು ಬಂದು ಗಾಡಿ ಎಳೆದುಕೊಂಡು ಹೋಗುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ನಾನೂ ಪಕ್ಕದಲ್ಲೇ ನಿಂತಿದ್ದೆ. ಅಷ್ಟು ನೋಡಿದವನು ಹೇಗೆ ಬಿದ್ದೆ ಎಂದು ಕೇಳುವುದಿದ್ದರೆ ಪೂರ್ತಿ ಓದಿ ಕೇಳಿ.

ಬಂದವನು ನನ್ನ ಷಡ್ಡಕನ ಗೆಳೆಯ. ಹೆಸರು ಬರೆಯುವುದಿಲ್ಲ, ವಕೀಲರು ಬೇಡ ಎಂದಿದ್ದಾರೆ. ಸಂಡೂರು ತಾಲ್ಲೂಕಿನಲ್ಲಿ ಒಂದು ಹಳೆಯ ಗಣಿ. ಗಡಿ ಮೀರಿ ಅಗೆದರೆಂದು 'ಸಿ' ವರ್ಗಕ್ಕೆ ಸೇರಿಸಿ 2013ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಗುತ್ತಿಗೆಗಳಲ್ಲಿ ಒಂದು. ಈಗ ಹರಾಜಾಗಿದೆ, ಹಿಡಿದವರು ರೈಸಿಂಗ್ ಕಾಂಟ್ರಾಕ್ಟ್, ಅಂದರೆ ಅದಿರು ಅಗೆದು ತೆಗೆಯುವ ಗುತ್ತಿಗೆ, ನಮಗೇ ಕೊಡುತ್ತಾರೆ, ಯಂತ್ರಗಳಿಗೆ ಮುಂಗಡ ಬೇಕು ಎಂದ. ಹತ್ತು ಜನ, ತಲೆಗೆ ಎಂಟು ಲಕ್ಷ. ತೆಗೆದ ಪ್ರತಿ ಟನ್ನಿಗೆ 60 ರೂಪಾಯಿ ನಮ್ಮ ಹತ್ತು ಜನರದು. ವರ್ಷಕ್ಕೆ ಐದು ಲಕ್ಷ ಟನ್ ಎಂದ. ಅವನು ಹೋದ ಮೇಲೆ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಒಬ್ಬನಿಗೆ ವರ್ಷಕ್ಕೆ ಮೂವತ್ತು ಲಕ್ಷ! ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಮರುವಾರ ಗುಡ್ಡಕ್ಕೆ ಕರೆದುಕೊಂಡು ಹೋದ. ನಾನು ಸ್ಕೂಟರಿನಲ್ಲಿ ಹೋಗಿದ್ದೆ. ಒಂದು ಹಿಟಾಚಿ ಗುರ್ರೆಂದು ಕೆಲಸ ಮಾಡುತ್ತಿತ್ತು. "ನೋಡಿ ಅಣ್ಣಾ, ಶುರುವಾಗಿದೆ," ಎಂದ. ನಾನು ನೋಡಿದೆ. ಹಿಟಾಚಿಯನ್ನು ನೋಡಿದೆ, ಅದು ಏನು ಮಾಡುತ್ತಿದೆ ಎಂದು ನೋಡಲಿಲ್ಲ. ಇಡೀ ಬಾಳು ಗಣಿ ಗಾಡಿಗಳ ಬಿಡಿಭಾಗ ಮಾರಿದವನು ನಾನು.

ಆಮೇಲೆ ಕಾಗದ ತೋರಿಸಿದ. ಅದೇ ನನ್ನನ್ನು ಕೆಡವಿದ್ದು. ಸರಕಾರಿ ತಲೆಬರಹ, ಕಡತ ಸಂಖ್ಯೆ, ಸಹಿ, ಹೆಕ್ಟೇರ್ ಲೆಕ್ಕ, ಪುಟಗಟ್ಟಲೆ ಷರತ್ತು, ಎಲ್ಲವೂ ಇಂಗ್ಲಿಷಿನಲ್ಲಿ. "ಪರಿಸರ ಅನುಮತಿ ಕೈಯಲ್ಲಿದೆ ಅಣ್ಣಾ, ಇನ್ನೇನು ಬೇಕು? ದೀಪಾವಳಿಗೆ ಮೊದಲ ಲೋಡ್ ಇಳಿಯುತ್ತದೆ." ನಾನು ಓದಿದಂತೆ ಮಾಡಿ ನಾಲ್ಕು ಪುಟ ತಿರುವಿದೆ. ಓದಲು ಬರುವುದಿಲ್ಲ ಎನ್ನಲು ಅಭಿಮಾನ ಅಡ್ಡ ಬಂತು. ಒಂದು ಪ್ರತಿ ಕೊಡಿ ಎಂದೆ, ಕೊಟ್ಟ. ಕಳ್ಳನಾಗಿದ್ದರೆ ಕೊಡುತ್ತಿದ್ದನೇ ಎಂದುಕೊಂಡೆ. ಹಣ ಕೊಟ್ಟೆ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು.

ಒಂದು ದಿನ ಅಕ್ಕನ ಫೋನ್. "ತಮ್ಮಾ, ನಮ್ಮೂರಿನ ಗಣಿಯ ಮೇಲೆ ಅಹವಾಲು ಸಭೆ ಇದೆಯಂತೆ. ದೊಡ್ಡ ಅಧಿಕಾರಿಗಳು ಬರುತ್ತಾರಂತೆ. ನೀನು ನಾಲ್ಕು ಜನರ ಮುಂದೆ ಮಾತಾಡುವವನು, ಬಂದು ನಮ್ಮ ಪರವಾಗಿ ಎರಡು ಮಾತು ಹೇಳು."

ಅಕ್ಕನ ಹೊಲ ಆ ಗುಡ್ಡದ ಕೆಳಗೇ ಇದೆ. ಗುಡ್ಡದ ಆ ಮಗ್ಗುಲಿನಿಂದ ಹತ್ತಿದ್ದರಿಂದ ಹೊಳೆದಿರಲಿಲ್ಲ ಎಂದು ಬರೆಯಬಹುದು. ಸುಳ್ಳು. ಹೊಳೆದಿತ್ತು. ಹೊಳೆದದ್ದನ್ನು ಅತ್ತ ಸರಿಸಿ ಹಣ ಕೊಟ್ಟಿದ್ದೆ.

ಸಭೆಗೆ ಹೋದೆ. ಹಿಂದಿನ ಸಾಲಿನಲ್ಲಿ ಕುಳಿತೆ. ಅಕ್ಕನೇ ಎದ್ದಳು. "ಮಳೆ ಬಂದರೆ ನಮ್ಮ ಹಳ್ಳದಲ್ಲಿ ನೀರು ಬರುವುದಿಲ್ಲ, ಕೆಮ್ಮಣ್ಣು ಬರುತ್ತದೆ. ಹತ್ತಿ ಬಿಡಿಸಿದರೆ ಕೈಗೆ ಬರುವುದು ಕೆಂಪು ಹತ್ತಿ. ಯಾರು ಕೊಳ್ಳುತ್ತಾರೆ ಹೇಳಿ," ಎಂದಳು. ಮಾತಿನ ನಡುವೆ ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಎದ್ದೇಳಲಿಲ್ಲ.

ಅನುಮತಿ ಬಂದಿದ್ದರೆ ಈ ಸಭೆ ಏಕೆ ಎಂಬ ಪ್ರಶ್ನೆ ಅಲ್ಲಿಯೇ ತಲೆಗೆ ಬಂತು. ಸಂಜೆ ಅಕ್ಕನ ಮಗಳ ಕೈಗೆ ಆ ಪ್ರತಿಯನ್ನು ಕೊಟ್ಟೆ. ಮೊದಲ ಪುಟದಲ್ಲಿಯೇ ಅವಳು ನಿಂತಳು. "ಮಾವ, ಇದು ಅಗೆಯಲು ಕೊಟ್ಟ ಅನುಮತಿ ಅಲ್ಲ. ಅಗೆದರೆ ನೀರಿಗೆ, ಗಾಳಿಗೆ, ಊರಿಗೆ ಏನಾಗುತ್ತದೆ ಎಂದು ಅಧ್ಯಯನ ಮಾಡಿಕೊಂಡು ಬನ್ನಿ ಎಂದು ಕೊಟ್ಟ ಪಟ್ಟಿ. ಟರ್ಮ್ಸ್ ಆಫ್ ರೆಫರೆನ್ಸ್ ಎಂದು ಮೇಲೆಯೇ ಬರೆದಿದೆ." ಆಮೇಲೆ ಕೇಳಿದಳು: "ಇದು ನಿಮ್ಮ ಹತ್ತಿರ ಹೇಗೆ ಬಂತು ಮಾವ?"

ಹಿಟಾಚಿಯ ವಿಷಯ ಅಕ್ಕ ಹೇಳಿದಳು. ಹಳೆಯ ಮಣ್ಣಿನ ರಾಶಿ ಮಳೆಗೆ ಜಾರಿ ಹೊಲಕ್ಕೆ ಬರದಂತೆ ತಡೆಗೋಡೆ ಕಟ್ಟಲು ಬಂದಿದ್ದ ಹಿಟಾಚಿ ಅದು. ಊರಿನವರು ಅರ್ಜಿ ಕೊಟ್ಟು ಕೊಟ್ಟು ತರಿಸಿದ್ದು.

ಈಗ ತಿಳಿದದ್ದನ್ನು ಬರೆಯುತ್ತೇನೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಆ ಪಟ್ಟಿ ಆರಂಭ ಮಾತ್ರ. ಅಧ್ಯಯನದ ಕರಡು, ಅದರ ಮೇಲೆ ಅಹವಾಲು ಸಭೆ, ತಜ್ಞರ ಸಮಿತಿಯ ಪರಿಶೀಲನೆ, ಇಷ್ಟೆಲ್ಲ ಮುಗಿದ ಮೇಲೆ ಅನುಮತಿ. ಬಂದರೆ. ಅರಣ್ಯ ಭೂಮಿಯಾದರೆ 1980ರ ಕಾಯ್ದೆಯಡಿ ಬೇರೆ ಅನುಮತಿ, ಅದರಲ್ಲಿಯೂ ಎರಡು ಹಂತ. ಮೊದಲ ಹಂತದ ಕಾಗದ ಹಿಡಿದು ಒಂದು ಮರವನ್ನೂ ಕಡಿಯುವಂತಿಲ್ಲ. ಇನ್ನು ರೈಸಿಂಗ್ ಕಾಂಟ್ರಾಕ್ಟ್. ಸರಕಾರವನ್ನು ಕೇಳದೆ ಗಣಿಯನ್ನು ಒಳಗೊಳಗೇ ಬೇರೆಯವರ ಕೈಗೆ ಕೊಡುವ ಈ ದಾರಿಯ ಬಗ್ಗೆ ಲೋಕಾಯುಕ್ತ ವರದಿಯೇ ಬರೆದಿತ್ತು. ಆ ವರದಿ ಬಂದಾಗ ನಮ್ಮ ಅಂಗಡಿಯ ಮುಂದೆ ಅದನ್ನೇ ಮಾತಾಡುತ್ತಿದ್ದೆವು!

ಅವನ ಉತ್ತರಗಳನ್ನು ಕೇಳಿ. ಸಭೆಯ ಬಗ್ಗೆ ಕೇಳಿದ್ದಕ್ಕೆ: "ಅದು ಲೆಕ್ಕಕ್ಕೆ ಮಾತ್ರ ಅಣ್ಣಾ, ಊರಿನವರು ಎರಡು ಮಾತಾಡಿ ಊಟ ಮಾಡಿ ಹೋಗುತ್ತಾರೆ." ಆ ಊರಿನವರಲ್ಲಿ ನನ್ನ ಅಕ್ಕ ಇದ್ದಳು. ಊಟ ಮಾಡದೆ ಹೋದಳು.

2024ರ ಜೂನ್‌ನಲ್ಲಿ ಸಂಡೂರಿನ ದೇವದಾರಿ ಗಣಿಯ ಸುದ್ದಿ ಬಂತು. ಸುಮಾರು 400 ಹೆಕ್ಟೇರ್ ಅರಣ್ಯ, 99 ಸಾವಿರ ಮರ. ಕೇಂದ್ರ ಸರಕಾರದ ಕಂಪನಿಗೇ ಭೂಮಿ ಕೊಡಬೇಡಿ ಎಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಗಾಬರಿಯಾಗಿ ಫೋನ್ ಮಾಡಿದೆ. "ಅದು ಸರಕಾರದ ಕಂಪನಿ ಅಣ್ಣಾ, ಅದಕ್ಕೇ ತಡ. ನಮ್ಮದು ಪ್ರೈವೇಟ್, ಬೇಗ ಆಗುತ್ತದೆ."

ಹಣ ವಾಪಸ್ ಕೊಡು ಎಂದೆ. "ನಿಮ್ಮ ಹಣ ಎಲ್ಲಿಗೂ ಹೋಗಿಲ್ಲ ಅಣ್ಣಾ, ಗುಡ್ಡದಲ್ಲಿದೆ."

ಗುಡ್ಡದಲ್ಲಿದೆ! ಈ ಮಾತನ್ನು ದಿನಕ್ಕೆ ಹತ್ತು ಸಲ ನೆನೆಯುತ್ತೇನೆ.

ಜೋರು ಮಾಡಿದಾಗ ದನಿ ಬದಲಾಯಿತು. "ಲಾಭ ಬಂದರೆ ಪಾಲು ಬೇಕು, ತಡವಾದರೆ ಬೇಡವೇ? ಬಾಂಡ್ ಓದಿ." ಓದಿಸಿದೆ. ನೂರು ರೂಪಾಯಿಯ ಬಾಂಡಿನಲ್ಲಿ ಗಣಿ ಎಂಬ ಪದವೇ ಇಲ್ಲ. ಯಂತ್ರಗಳ ಬಾಡಿಗೆಗೆ ಮುಂಗಡ ಎಂದಿದೆ, ಸರಕಾರಿ ಅನುಮತಿ ತಡವಾದರೆ ಮೊದಲನೇ ಪಕ್ಷದವರು ಹೊಣೆಯಲ್ಲ ಎಂದಿದೆ. ಕೆಳಗೆ ನನ್ನ ಸಹಿ, ಚೆನ್ನಾಗಿ ದುಂಡಗೆ. ಠಾಣೆಯಲ್ಲಿ ಅದನ್ನು ನೋಡಿ ಸಿವಿಲ್ ವ್ಯಾಜ್ಯ ಎಂದು ಕಳುಹಿಸಿದರು.

ಆ 60 ರೂಪಾಯಿಯ ಲೆಕ್ಕವನ್ನೂ ಈಗ ಹಾಕಿದ್ದೇನೆ, ತಡವಾಗಿ. ಕಬ್ಬಿಣದ ಅದಿರಿಗೆ ರಾಜಧನ ನೂರಕ್ಕೆ 15. ಹರಾಜಿನಲ್ಲಿ ಕೂಗಿದ ಪಾಲು ಸರಕಾರಕ್ಕೆ ಬೇರೆ. ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬೇರೆ. ಅಖಂಡ ಬಳ್ಳಾರಿ ಜಿಲ್ಲೆಯೆಲ್ಲ ಸೇರಿ ವರ್ಷಕ್ಕೆ ಇಷ್ಟೇ ತೆಗೆಯಬೇಕೆಂದು ಸುಪ್ರೀಂ ಕೋರ್ಟಿನ ಮಿತಿಯೂ ಇದೆ, 2022ರಲ್ಲಿ ಅದನ್ನು 350 ಲಕ್ಷ ಟನ್ನಿಗೆ ಏರಿಸಿದರು. ಇಷ್ಟೆಲ್ಲ ಕಟ್ಟಿ, ಇಷ್ಟೆಲ್ಲ ಕಾದು ಗಣಿ ನಡೆಸುವವನು ಟಿಪ್ಪರ್ ಬಿಡಿಭಾಗ ಮಾರುವವನಿಗೆ ಟನ್ನಿನ ಮೇಲೆ ಏಕೆ ಕೊಡುತ್ತಾನೆ? ಅವನಿಗೆ ನಿಜವಾಗಿ ಅನುಮತಿ ಬಂದಿದ್ದರೆ ನಮ್ಮ ಎಂಟು ಲಕ್ಷ ಏಕೆ ಬೇಕಿತ್ತು?

ಯಾರಾದರೂ ಇಂಥ ಕಾಗದ ತೋರಿಸಿದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಆ ಯೋಜನೆ ಯಾವ ಹಂತದಲ್ಲಿದೆ ಎಂದು ನೋಡಿ, ಅದು ಎಲ್ಲರಿಗೂ ತೆರೆದಿದೆ. ಇಂಗ್ಲಿಷ್ ಬಾರದಿದ್ದರೆ ಬಾರದು ಎನ್ನಿ, ಮನೆಯ ಹುಡುಗಿಯರ ಕೈಗೆ ಕೊಡಿ. ಮತ್ತು ಷಡ್ಡಕರ ಗೆಳೆಯರನ್ನು ಚಹಾ ಕುಡಿಸಿ ಕಳುಹಿಸಿ.

ಅವನು ಈಗ ನನ್ನ ಫೋನ್ ಎತ್ತುವುದಿಲ್ಲ. ಆದರೆ ಹೊಸಬರಿಗೆ ಫೋಟೊ ಕಳುಹಿಸುತ್ತಿದ್ದಾನೆ, ಈ ಬಾರಿ ಮ್ಯಾಂಗನೀಸ್ ಗಣಿ ಎಂದು. ನನ್ನ ಒಬ್ಬ ಗಿರಾಕಿಗೂ ಬಂದಿದೆ, ಅವನೇ ತೋರಿಸಿದ. ಅದೇ ಗುಡ್ಡ, ತಡೆಗೋಡೆ ಕಟ್ಟುವ ಅದೇ ಹಿಟಾಚಿ. ನಿಮಗೂ ಬಂದರೆ ಎಡಗಡೆಯ ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಸೀಟಿಗೆ ನೀಲಿ ರೆಕ್ಸಿನ್ ಹಾಕಿದ ಒಂದು ಸ್ಕೂಟರ್ ನಿಂತಿದೆ. ಅದು ನನ್ನದು.