ಮೆಟ್ಟಿಲ ಕೆಳಗಿನ ಶೌಚಾಲಯಕ್ಕೆ ಫ್ಯಾನ್: ಮೂರು ಮಳೆಗಾಲಗಳ ನಂತರ

ಬದಿಯಡ್ಕದ ನಮ್ಮ ಮನೆಯಲ್ಲಿ ಅಮ್ಮನಿಗೆ ಮೆಟ್ಟಿಲು ಹತ್ತಲು ಕಷ್ಟವಾದಾಗ, ಮೆಟ್ಟಿಲ ಕೆಳಗೆ ಸಾಮಾನು ತುಂಬಿಡುತ್ತಿದ್ದ ಜಾಗವನ್ನು ಶೌಚಾಲಯ ಮಾಡಿದೆವು. ಕಿಟಕಿ ಇಡಲು ಹೊರಗೋಡೆಯೇ ಇರಲಿಲ್ಲ. ಮೊದಲ ಮಳೆಗಾಲದ ಆಟಿ ತಿಂಗಳಲ್ಲೇ ಬಾಗಿಲಿನ ಒಳಬದಿಗೆ ಬೂಷ್ಟು ಹಿಡಿಯಿತು. ಒಳಗಿನ ವಾಸನೆ ತಾಳಲಾಗದೆ ಅಮ್ಮ ಬಾಗಿಲನ್ನು ಪೂರ್ತಿ ಮುಚ್ಚದೆ ಕೂರುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ತಂದದ್ದು 100 ಮಿಲಿಮೀಟರ್‌ನ, ಕೊಳವೆಯ ನಡುವೆ ಕೂರುವ ಇನ್‌ಲೈನ್ ಫ್ಯಾನ್. ಗಂಟೆಗೆ 100 ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನಮ್ಮ ಕೋಣೆ ಸುಮಾರು 5 ಘನ ಮೀಟರ್. ಲೆಕ್ಕದಂತೆ ಮೂರು ನಿಮಿಷಕ್ಕೊಮ್ಮೆ ಗಾಳಿ ಬದಲಾಗಬೇಕು. ಆದರೆ ಹಾಕಿದ ಮೊದಲ ವಾರ ಸದ್ದು ಮಾತ್ರ ಬಂತು, ವಾಸನೆ ಹಾಗೆಯೇ ಉಳಿಯಿತು.

ಕೊಳವೆಯ ಒಳಬಾಯಿಯ ಜಾಲರಿಗೆ ಒಂದು ಟಿಶ್ಯೂ ಕಾಗದ ಹಿಡಿದು ನೋಡಿದೆ. ಬಾಗಿಲು ತೆರೆದಿದ್ದರೆ ಅದು ಅಂಟಿಕೊಂಡು ನಿಲ್ಲುತ್ತಿತ್ತು, ಮುಚ್ಚಿದ ಕೂಡಲೇ ಬೀಳುತ್ತಿತ್ತು. ಕಾರಣ ಆಗ ತಿಳಿಯಿತು: ಒಳಗೆ ಬರಲು ಗಾಳಿಗೆ ದಾರಿಯಿಲ್ಲದಿದ್ದರೆ ಫ್ಯಾನ್ ಎಳೆಯುವುದಾದರೂ ಏನನ್ನು? ಆಚಾರಿಯನ್ನು ಕರೆಸಿ ಬಾಗಿಲಿನ ಅಡಿಯನ್ನು ಎರಡು ಬೆರಳಿನಷ್ಟು ಕತ್ತರಿಸಿದೆವು. ಕಾಗದ ಜಾಲರಿಯನ್ನು ಬಿಡಲಿಲ್ಲ. ಫ್ಯಾನ್ ಕೊಳ್ಳುವವರು ಈ ಸಂದನ್ನು ಮೊದಲು ನೋಡಬೇಕು, ಕಂಪನಿಯ ಹೆಸರನ್ನು ಆಮೇಲೆ.

ಎರಡನೆಯ ಪಾಠ ಮಳೆ ಕಲಿಸಿತು. ಅಳವಡಿಸಿದವರು ಸುಕ್ಕುಗಟ್ಟಿದ ಮೆದು ಕೊಳವೆಯನ್ನು ಜೋತುಬಿಟ್ಟು, ಮನೆಯ ಪಡುವಣ ಗೋಡೆಯಿಂದ ಹೊರಗೆ ಒಯ್ದಿದ್ದರು. ಜೂನ್‌ನ ಗಾಳಿಮಳೆ ನೇರವಾಗಿ ಒಳನುಗ್ಗಿ, ಜೋತ ಭಾಗದಲ್ಲಿ ನೀರು ನಿಂತು, ಜಾಲರಿಯಿಂದ ತೊಟ್ಟಿಕ್ಕಿತು. ವಿದ್ಯುತ್ ಯಂತ್ರದ ಬಳಿ ನೀರೆಂದರೆ ಭಯವಾಗದೆ ಇರುತ್ತದೆಯೇ? ಅದನ್ನು ತೆಗೆಸಿ 110 ಮಿಲಿಮೀಟರ್‌ನ ಪಿವಿಸಿ ಪೈಪನ್ನು ಹೊರಕ್ಕೆ ಇಳಿಜಾರಾಗಿ ಹಾಕಿಸಿದೆ; ತುದಿಗೆ ಕೆಳಮುಖದ ಬೆಂಡ್ ಇರಿಸಿದೆ. ಮುರಕಲ್ಲಿನ ಗೋಡೆಯಾದ್ದರಿಂದ ತೂತು ಕೊರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಆದರೆ ಸುತ್ತಲಿನ ಸಂದನ್ನು ಸಿಮೆಂಟಿನಿಂದ ಸರಿಯಾಗಿ ಮುಚ್ಚದಿದ್ದರೆ ಆ ಕಲ್ಲು ನೀರು ಹೀರುತ್ತದೆ. ಆಮೇಲೆ ಒಂದು ಹನಿಯೂ ಒಳಗೆ ಬಿದ್ದಿಲ್ಲ.

ಟೈಮರ್ ಇರುವ ಮಾದರಿಯನ್ನೇ ಕೊಳ್ಳಿರಿ. ದೀಪ ಆರಿದ ಮೇಲೂ ನಮ್ಮದು 15 ನಿಮಿಷ ಓಡುತ್ತದೆ. ಇದಕ್ಕೆ ದೀಪದ ಸ್ವಿಚ್ಚಿನ ತಂತಿಯ ಜೊತೆಗೆ ಸದಾ ವಿದ್ಯುತ್ ಇರುವ ಇನ್ನೊಂದು ತಂತಿಯೂ ಬೇಕು. ಇಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಡಿ. 25 ವಾಟಿನ ಫ್ಯಾನ್ ದಿನಕ್ಕೆ ಮೂರು ಗಂಟೆ ಓಡಿದರೂ ತಿಂಗಳಿಗೆ ಎರಡೂಕಾಲು ಯೂನಿಟ್ ಅಷ್ಟೇ.

ಕೊರತೆಯೂ ಇದೆ. ಹಿಂಗಾಳಿ ತಡೆಯುವ ಪ್ಲಾಸ್ಟಿಕ್ ರೆಕ್ಕೆ ಜೋರು ಗಾಳಿಗೆ ರಾತ್ರಿ ಪಟಪಟ ಬಡಿಯುತ್ತದೆ. ಕಳೆದ ಬೇಸಿಗೆಯಲ್ಲಿ ಪೈಪಿನ ಬಾಯಿಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು; ಈಗ ಅಗಲ ಕಣ್ಣಿನ ಬಲೆ ಹಾಕಿದ್ದೇನೆ. ಆರು ತಿಂಗಳಿಗೊಮ್ಮೆ ಮೈನ್ ಸ್ವಿಚ್ ಆರಿಸಿ ಫ್ಯಾನಿನ ರೆಕ್ಕೆಗಳ ಧೂಳು ಒರೆಸುತ್ತೇನೆ.

ಈ ಆಟಿಯಲ್ಲಿ ಬಾಗಿಲಿನ ಒಳಬದಿಯನ್ನು ಕೈಯಿಂದ ಸವರಿ ನೋಡಿದೆ, ಒಣಗಿತ್ತು. ಅಮ್ಮ ಈಗ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ.